ಆಸೆಗೊಂದು ಮಗುವಿನ ನೆಪ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುವ ಹೊತ್ತಿಗೆ ಏನಾದರೊಂದು ಚರ್ಚೆ ಎದ್ದೇ ಏಳುತ್ತದೆ. ವೇತನ ಆಯೋಗ, ಮೌಲ್ಯಮಾಪನದ ಭತ್ಯೆ, ಯಾರ ಮಗಳಿಗೆ ಎಲ್ಲಿಯ ಸಂಬಂಧ ಎಂಬುದೆಲ್ಲ ಮುಗಿದ ಮೇಲೆ ಒಂದು ದಿನ ಸಿನಿಮಾದ ಸರದಿ ಬಂತು. ನಮ್ಮ ವಿಜ್ಞಾನದ ಮೇಷ್ಟ್ರು ಹಿಂದಿನ ರಾತ್ರಿ 'ಜೋಜಿ' ನೋಡಿದ್ದರು. 2021ರಲ್ಲಿ ಬಂದ ಮಲಯಾಳಂ ಚಿತ್ರ, ದಿಲೀಶ್ ಪೋತನ್ ನಿರ್ದೇಶನದ್ದು. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದಿಂದ ಎಳೆ ತೆಗೆದುಕೊಂಡದ್ದು. ತೋಟದ ಮನೆ, ಕಬ್ಬಿಣದಂಥ ಮುದಿ ಅಪ್ಪ, ಅವನ ಕೈಕೆಳಗೆ ನಲುಗುವ ಗಂಡುಮಕ್ಕಳು. ಕಿರಿಯವನಾದ ಜೋಜಿ ಅಪ್ಪನ ಮಾತ್ರೆ ಬದಲಿಸಿ ಕೊಲ್ಲುತ್ತಾನೆ, ಆಮೇಲೆ ಅಣ್ಣನನ್ನೂ ಉಳಿಸುವುದಿಲ್ಲ. ಮೇಷ್ಟ್ರು ಕತೆಯನ್ನು ರಸವತ್ತಾಗಿ ಹೇಳಿ ಮುಗಿಸಿ, ಮಜ್ಜಿಗೆ ಅನ್ನ ಕಲೆಸುತ್ತಾ, "ಎಲ್ಲಕ್ಕೂ ಮೂಲ ಆ ಅತ್ತಿಗೆ ಬಿನ್ಸಿಯೇ ನೋಡಿ ಮೇಡಂ. ಅವಳು ಊದದೆ ಇದ್ದಿದ್ದರೆ ಆ ಹುಡುಗ ಇಷ್ಟಕ್ಕೆ ಇಳೀತಿರಲಿಲ್ಲ" ಎಂದರು.

"ಮಾತ್ರೆ ಬದಲಿಸಿದ್ದು ಯಾರ ಕೈ ಸಾರ್?" ಎಂದೆ.

"ಕೈ ಅವನದೇ. ತಲೆ ಅವಳದ್ದು."

ಎಲ್ಲರೂ ನಕ್ಕರು. ನಾವು ಮೂವರು ಹೆಂಗಸರೂ ನಕ್ಕೆವು ಎಂಬುದನ್ನು ಮುಚ್ಚಿಡಲಾರೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಎಂಟನೆಯ ತರಗತಿಗೆ ಹೋದೆ. ಆದರೆ ಆ ಮಾತು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ ಸಂಜೆಯವರೆಗೂ ಕಾಡಿತು. ಏಕೆಂದರೆ ಅದೇ ಮಾತನ್ನು, ಅಕ್ಷರ ಒಂದೂ ಬದಲಾಗದಂತೆ, 1983ರಲ್ಲಿ ನಮ್ಮ ಮನೆಯ ಜಗಲಿಯಲ್ಲಿ ನನ್ನ ಚಿಕ್ಕಮ್ಮನ ಬಗ್ಗೆ ಕೇಳಿದ್ದೆ. ಅವಳ ಕತೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ನಾಟಕದ ಲೆಕ್ಕ ಚುಕ್ತಾ ಆಗಲಿ.

ಕತೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಸ್ಕಾಟ್ಲೆಂಡಿನ ಸೇನಾನಿ ಮ್ಯಾಕ್‌ಬೆತ್ ಯುದ್ಧ ಗೆದ್ದು ಬರುವಾಗ ಮೂವರು ಮಾಟಗಾತಿಯರು ಸಿಕ್ಕಿ, ನೀನು ರಾಜನಾಗುತ್ತೀ ಎನ್ನುತ್ತಾರೆ. ಮನೆಗೆ ನೆಂಟನಾಗಿ ಬಂದ ರಾಜ ಡಂಕನ್‌ನನ್ನು ಅವನು ಮಲಗಿದಲ್ಲೇ ಕೊಲ್ಲುತ್ತಾನೆ. ಹೆಂಡತಿ ಧೈರ್ಯ ಕೊಡುತ್ತಾಳೆ. ಒಂದು ಕೊಲೆ ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಕೊನೆಗೆ ಅವಳು ನಿದ್ದೆಯಲ್ಲಿ ಎದ್ದು ನಡೆಯುತ್ತಾ, ಇಲ್ಲದ ರಕ್ತವನ್ನು ಕೈಯಿಂದ ತೊಳೆಯುತ್ತಾ ಸಾಯುತ್ತಾಳೆ. ಅವನು ಯುದ್ಧದಲ್ಲಿ ಸಾಯುತ್ತಾನೆ. ಸುಮಾರು 1606ರ ನಾಟಕ, ಅಚ್ಚಾದದ್ದು 1623ರಲ್ಲಿ. ಶೇಕ್ಸ್‌ಪಿಯರನ ದುರಂತ ನಾಟಕಗಳಲ್ಲೆಲ್ಲ ಇದೇ ಚಿಕ್ಕದು. ನಮಗೂ ಹೊಸದಲ್ಲ. ಎಂ. ಎಲ್. ಶ್ರೀಕಂಠೇಶಗೌಡರು 1895ರಷ್ಟು ಹಿಂದೆಯೇ 'ಪ್ರತಾಪರುದ್ರದೇವ' ಎಂದು ಇದನ್ನು ಕನ್ನಡಕ್ಕೆ ತಂದರು, 1936ರಲ್ಲಿ ಡಿ.ವಿ.ಜಿ. ಅನುವಾದಿಸಿದರು. ಬಿ. ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ತಂಡಕ್ಕೆ ಯಕ್ಷಗಾನದ ಧಾಟಿಯಲ್ಲಿ ಹಿಂದಿಯ 'ಬರ್ನಮ್ ವನ'ವನ್ನು ಆಡಿಸಿದರು.

ನಾಟಕ ಓದಿದವರು ಒಂದು ಸಣ್ಣ ಸಂಗತಿಯನ್ನು ಮರೆಯುತ್ತಾರೆ. ಹೆಂಡತಿ ರಂಗಕ್ಕೆ ಬರುವುದು ಮೊದಲ ಅಂಕದ ಐದನೆಯ ದೃಶ್ಯದಲ್ಲಿ. ಮೂರನೆಯ ದೃಶ್ಯದಲ್ಲೇ, ಮಾಟಗಾತಿಯರ ಮಾತು ಕಿವಿಗೆ ಬಿದ್ದ ತಕ್ಷಣ, ಗಂಡನ ತಲೆಯೊಳಗೆ ಕೊಲೆಯ ಚಿತ್ರ ಮೂಡಿ ಕೂದಲು ನಿಮಿರಿದೆ. ನಾಲ್ಕನೆಯದರಲ್ಲಿ ತನ್ನ ಕಪ್ಪು ಬಯಕೆ ಯಾರಿಗೂ ಕಾಣದಂತೆ ನಕ್ಷತ್ರಗಳೇ ಆರಿಹೋಗಲಿ ಎಂದು ಬೇಡಿಕೊಂಡಿದ್ದಾನೆ. ಆಮೇಲೆ ತಾನೆ ಮನೆಗೆ ಕಾಗದ ಬರೆಯುವುದು! ಆ ಕಾಗದ ಹಿಡಿದುಕೊಂಡೇ ಅವಳು ನಮ್ಮೆದುರಿಗೆ ಬರುತ್ತಾಳೆ. ಈ ಕೆಲಸದ ಮಾತನ್ನು ಮೊದಲು ಎತ್ತಿದವನು ನೀನೇ ಅಲ್ಲವೇ ಎಂದು ಅವಳು ಅವನನ್ನು ಮುಖಕ್ಕೆ ಹೊಡೆದ ಹಾಗೆ ಕೇಳುವುದೂ ನಾಟಕದಲ್ಲಿದೆ. ಅವನು ಇಲ್ಲವೆನ್ನುವುದಿಲ್ಲ.

ಹಾಗೆಂದು ಅವಳು ಸತಿ ಸಾವಿತ್ರಿ ಎಂದು ವಾದಿಸಲು ನಾನು ಹೊರಟಿಲ್ಲ. ಅವಳಿಗೆ ಸಿಂಹಾಸನ ಬೇಕಿತ್ತು. ತುಂಬಾ ಬೇಕಿತ್ತು. ತನ್ನೊಳಗಿನ ಹೆಣ್ತನವನ್ನು ಕಿತ್ತುಹಾಕಿ ಎಂದು ದುಷ್ಟಶಕ್ತಿಗಳನ್ನು ಕರೆಯುವಷ್ಟು ಬೇಕಿತ್ತು. ನನ್ನ ತಕರಾರು ಇರುವುದು, ಆ ಬೇಕು ಎನ್ನುವುದನ್ನು ಅವಳದಾಗಿ ಉಳಿಯಲು ಸಿನಿಮಾದವರು ಬಿಡುವುದಿಲ್ಲವಲ್ಲ, ಅಲ್ಲಿ.

ಮೈಸೂರಿನಲ್ಲಿ ಬಿ.ಎಡ್. ಓದುವಾಗ, 1992ರಲ್ಲಿ, ಒಂದು ಚಿತ್ರ ಸಮಾಜದವರು ತೋರಿಸಿದ ಜಪಾನಿ ಚಿತ್ರ ನೋಡಿದ್ದೆ. ಅಕಿರಾ ಕುರೊಸಾವಾ 1957ರಲ್ಲಿ ತೆಗೆದದ್ದು. ಇಂಗ್ಲಿಷಿನಲ್ಲಿ 'ಥ್ರೋನ್ ಆಫ್ ಬ್ಲಡ್' ಎನ್ನುತ್ತಾರೆ, ಮೂಲ ಹೆಸರಿನ ಅರ್ಥ ಜೇಡನ ಬಲೆಯ ಕೋಟೆ. ಮ್ಯಾಕ್‌ಬೆತ್ ಅಲ್ಲಿ ವಾಶಿಜು, ಅವನ ಹೆಂಡತಿ ಅಸಾಜಿ. ತೊಶಿರೋ ಮಿಫುನೆ ಹುಲಿಯ ಹಾಗೆ ಕೋಣೆಯೊಳಗೆ ಅತ್ತಿಂದಿತ್ತ ತಿರುಗುತ್ತಾನೆ. ಇಸುಜು ಯಮಾದಾ ಕೂತಲ್ಲಿಂದ ಕದಲುವುದಿಲ್ಲ. ಅವರ ನೋ ನಾಟಕದ ಮುಖವಾಡದಂಥ ಬಿಳುಪು ಮುಖ, ರೆಪ್ಪೆಯೂ ಹೊಡೆಯದ ಕಣ್ಣು. ಅವಳು ಕಾವಲುಗಾರರಿಗೆ ಮದ್ದು ಬೆರೆಸಿದ ಮದ್ಯ ತರಲು ಎದ್ದು ಕತ್ತಲೆಯ ಬಾಗಿಲೊಳಗೆ ಕರಗಿಹೋಗಿ, ಮತ್ತೆ ಅದೇ ಕತ್ತಲೆಯಿಂದ ಮಡಕೆ ಹಿಡಿದು ಬರುವಾಗ ಕೇಳುವುದು ರೇಷ್ಮೆಯ ಸರಬರ ಸದ್ದು ಮಾತ್ರ. ಅಂದು ಹಾಸ್ಟೆಲಿಗೆ ಮರಳಿದ ಮೇಲೂ ನನ್ನ ಸೀರೆಯ ಸದ್ದಿಗೆ ನಾನೇ ಬೆಚ್ಚಿದ್ದೆ. ಅವಳ ವಾದವಾದರೂ ಎಷ್ಟು ಗಟ್ಟಿ! ನಮ್ಮ ಒಡೆಯನೂ ತನ್ನ ಒಡೆಯನನ್ನು ಕೊಂದೇ ಆ ಜಾಗಕ್ಕೆ ಬಂದವನು, ಭವಿಷ್ಯವಾಣಿ ಅವನ ಕಿವಿಗೆ ಬಿದ್ದರೆ ನಿನ್ನನ್ನು ಉಳಿಸಿಯಾನೇ ಎನ್ನುತ್ತಾಳೆ. ಇದು ರಾಜಕೀಯ ಬಲ್ಲ ಹೆಂಗಸಿನ ಮಾತು.

ಇಷ್ಟು ಚೆನ್ನಾಗಿ ಕಟ್ಟಿದ ಕುರೊಸಾವಾ ಆಮೇಲೆ ಏನು ಮಾಡಿದರು? ಅವಳನ್ನು ಬಸುರಿ ಮಾಡಿದರು. ನಾಟಕದಲ್ಲಿ ಇಲ್ಲದ್ದು. ವಾಶಿಜು ತನ್ನ ಗೆಳೆಯನ ಮಗನಿಗೆ ಕೋಟೆ ಬಿಟ್ಟುಕೊಡಲು ಸಿದ್ಧನಾದಾಗ ಅವಳು, ನಾನು ಗರ್ಭಿಣಿ ಎನ್ನುತ್ತಾಳೆ. ಅಲ್ಲಿಗೆ ಗೆಳೆಯನ ಕೊಲೆ ನಿಶ್ಚಯವಾಗುತ್ತದೆ. ಮಗು ಹೊಟ್ಟೆಯಲ್ಲೇ ಸಾಯುತ್ತದೆ, ಅವಳಿಗೆ ಹುಚ್ಚು ಹಿಡಿಯುತ್ತದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ನನಗದು ತಪ್ಪೆನಿಸಿರಲಿಲ್ಲ, ಕಣ್ಣೀರೇ ಬಂದಿತ್ತು.

ಅಲ್ಲಿಂದ ಮುಂದೆ ಅದೊಂದು ಚಾಳಿಯೇ ಆಯಿತೇನೋ. ವಿಶಾಲ್ ಭಾರದ್ವಾಜರ 'ಮಕ್ಬೂಲ್' 2004ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಮುಂಬಯಿ ಭೂಗತ ಲೋಕದ ಕತೆ. ಮಾಟಗಾತಿಯರ ಬದಲು ಓಂ ಪುರಿ, ನಾಸಿರುದ್ದೀನ್ ಶಾ ಇಬ್ಬರೂ ಜಾತಕ ಬರೆಯುವ ಪೊಲೀಸರಾಗಿದ್ದಾರೆ. ಈ ಜಾಣತನಕ್ಕೆ ನಾನು ಎರಡು ಕೈ ಎತ್ತಿ ಮುಗಿದೆ. ಆದರೆ ತಬು ಮಾಡಿದ ನಿಮ್ಮಿ? ಅವಳು ಮಕ್ಬೂಲನ ಹೆಂಡತಿಯೇ ಅಲ್ಲ, ಮುದಿ ದೊರೆ ಅಬ್ಬಾಜಿ ಇಟ್ಟುಕೊಂಡವಳು. ಅವಳಿಗೆ ಬೇಕಾದದ್ದು ಸಿಂಹಾಸನವಲ್ಲ, ಇರ್ಫಾನ್ ಖಾನ್. (ಇರ್ಫಾನ್ ಬೇಕಾಗುವುದು ತಪ್ಪೆಂದು ಹೇಳುವಷ್ಟು ಅರಸಿಕಳಲ್ಲ ನಾನು.) ಅಂದರೆ ಮಹತ್ವಾಕಾಂಕ್ಷೆಯ ನಾಟಕದಿಂದ ಹೆಂಗಸಿನ ಮಹತ್ವಾಕಾಂಕ್ಷೆಯನ್ನು ತೆಗೆದು ಅಲ್ಲಿ ಪ್ರೇಮವನ್ನಿಟ್ಟರು. ಮತ್ತೆ ಬಸಿರು, ಮಗು ಯಾರದೆಂಬ ಗುಮಾನಿ, ಬಾಣಂತಿಯ ಸಾವು. ತಬು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ ಈ ಅದಲುಬದಲು ಗೊತ್ತೇ ಆಗುವುದಿಲ್ಲ.

ಜಸ್ಟಿನ್ ಕರ್ಜೆಲ್ 2015ರಲ್ಲಿ ತೆಗೆದ ಚಿತ್ರವಂತೂ ಮಗುವಿನ ಶವಸಂಸ್ಕಾರದಿಂದಲೇ ಶುರುವಾಗುತ್ತದೆ. ಗಂಡ ಹೆಂಡತಿ ನಿಂತು ಚಿತೆಗೆ ಬೆಂಕಿಯಿಡುತ್ತಾರೆ. ಮರಿಯೋನ್ ಕೊತಿಯಾರ್ ಒಳ್ಳೆಯ ನಟಿ. ಆದರೆ ಕೈಗಂಟಿದ ರಕ್ತದ ಕಲೆಯ ಆ ಮಾತನ್ನು ಆಕೆ ಚರ್ಚಿನೊಳಗೆ ಕೂತು, ಸತ್ತ ಮಗು ಎದುರಿಗಿದೆ ಎಂಬಂತೆ ಆಡುತ್ತಾರೆ. ಕೊಲೆಯ ಪಾಪಪ್ರಜ್ಞೆ ಪುತ್ರಶೋಕವಾಗಿಬಿಟ್ಟಿತು.

ಈ ಮಗು ಬಂದದ್ದೆಲ್ಲಿಂದ ಎಂದರೆ, ನಾಟಕದಲ್ಲಿ ಅವಳು ಒಮ್ಮೆ ತಾನು ಮೊಲೆಯೂಡಿಸಿದವಳು ಎನ್ನುತ್ತಾಳೆ. ಅಷ್ಟೇ. ಆ ಮಗು ಏನಾಯಿತು, ಇದೆಯೋ ಇಲ್ಲವೋ, ಒಂದು ಮಾತೂ ಇಲ್ಲ. ಎಲ್. ಸಿ. ನೈಟ್ಸ್ ಎಂಬ ವಿಮರ್ಶಕರು 1933ರಲ್ಲಿ 'ಲೇಡಿ ಮ್ಯಾಕ್‌ಬೆತ್‌ಗೆ ಮಕ್ಕಳೆಷ್ಟು?' ಎಂಬ ತಲೆಬರಹದ ಪ್ರಬಂಧವನ್ನೇ ಬರೆದರು. ಇಂಥ ಪ್ರಶ್ನೆ ಕೇಳುವವರನ್ನು ಗೇಲಿ ಮಾಡುವುದಕ್ಕೆಂದು ಇಟ್ಟ ತಲೆಬರಹ ಅದು. ನಮ್ಮ ನಿರ್ದೇಶಕರು ಗೇಲಿಯನ್ನೇ ಗಂಭೀರ ಪ್ರಶ್ನೆಯೆಂದುಕೊಂಡು ಉತ್ತರ ಬರೆದಂತಿದೆ.

ಇದಕ್ಕೆ ತೆರೆಯ ಕಷ್ಟವೂ ಒಂದು ಕಾರಣ, ಒಪ್ಪುತ್ತೇನೆ. ರಂಗದ ಮೇಲೆ ಅವಳಿಗೆ ಮಾತಿದೆ. ಅವಳ ಮನಸ್ಸು ಆ ಮಾತಿನಲ್ಲೇ ಇದೆ, ಬೇರೆ ಪುರಾವೆ ಬೇಡ. ಸಿನಿಮಾ ಮಾತನ್ನು ಅರ್ಧಕ್ಕರ್ಧ ಕತ್ತರಿಸುತ್ತದೆ. ಖಾಲಿಯಾದ ಜಾಗಕ್ಕೆ ಚಿತ್ರ ಬೇಕು. ಹೆಂಗಸಿನ ಒಳಗನ್ನು ತೋರಿಸುವ ಚಿತ್ರ ಯಾವುದು ಎಂದಾಗ ಮೊದಲು ಹೊಳೆಯುವುದು ತೊಟ್ಟಿಲು. ಆದರೆ ಗಂಡನ ಮಾತನ್ನೂ ಕತ್ತರಿಸಿದ್ದಾರಲ್ಲ, ಅವನ ಜಾಗಕ್ಕೆ ಏನಿಟ್ಟರು? ಕುದುರೆ, ಮಂಜು, ಕತ್ತಿ. ಅವನಿಗೇಕೆ ರಾಜನಾಗಬೇಕು ಎಂದು ಯಾರೂ ಕೇಳಲಿಲ್ಲ. ಗಂಡಸಿಗೆ ಗದ್ದುಗೆ ಬೇಕೆನಿಸುವುದಕ್ಕೆ ಕಾರಣ ಬೇಕೇ?

ನಮ್ಮಲ್ಲಾದರೂ ಹೆಚ್ಚಿಗೇನಿಲ್ಲ. ಕೈಕೇಯಿ ವರ ಕೇಳಿದಳೆಂದು ಯುಗಯುಗಾಂತರದಿಂದ ಬೈಸಿಕೊಂಡು ಬಂದಿದ್ದಾಳೆ. ಅವಳಿಗಾದರೂ ಭರತನಿದ್ದ, ಮಗನಿಗಾಗಿ ಕೇಳಿದಳು ಎಂದು ಒಂದಿಷ್ಟು ಮಾಫಿ. ಕುವೆಂಪು ಅವರಂಥ ಮಹಾಕವಿ ಮಂಥರೆಯನ್ನು ಕನಿಕರದಿಂದ ಕಂಡರು, ಆ ದೊಡ್ಡತನಕ್ಕೆ ನಮಸ್ಕಾರ. ಆದರೆ ಅವಳನ್ನು ಕಾಪಾಡಲು ಅವರಿಗೂ ಸಿಕ್ಕಿದ್ದು ಮಮತೆಯೇ. ತನಗಾಗಿ ಏನನ್ನಾದರೂ ಬಯಸಿದ ಹೆಂಗಸನ್ನು ಕ್ಷಮಿಸುವುದು ಅಷ್ಟು ಕಷ್ಟ.

ನನ್ನದೇ ಒಂದು ಗುಟ್ಟು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮುಖ್ಯೋಪಾಧ್ಯಾಯಿನಿ ಹುದ್ದೆಯ ಬಡ್ತಿಗೆ ನನ್ನ ಹೆಸರಿತ್ತು. ಅದಕ್ಕಾಗಿ ನಾಲ್ಕು ಸಲ ಓಡಾಡಿದ್ದನ್ನು ನೋಡಿ ಹಿರಿಯರೊಬ್ಬರು, "ಮಗಳ ಮದುವೆಗೆ ಅನುಕೂಲ ಆಗಲಿ ಅಂತ ಇರಬೇಕು, ಅಲ್ಲವೇನಮ್ಮ?" ಎಂದರು. ನಾನು ತಡವರಿಸದೆ, "ಹೌದು ಸಾರ್" ಎಂದೆ. ಸುಳ್ಳು! ನನಗೆ ಆ ಕುರ್ಚಿ ಬೇಕಿತ್ತು. ಮೂವತ್ತು ವರ್ಷ ಬೇರೆಯವರು ತಪ್ಪಾಗಿ ಹಾಕಿದ ವೇಳಾಪಟ್ಟಿಯಲ್ಲಿ ದುಡಿದು, ಒಮ್ಮೆ ನಾನೇ ಹಾಕಬೇಕು ಎನ್ನಿಸಿತ್ತು. ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಕುರ್ಚಿಯೂ ಬರಲಿಲ್ಲ, ಆ ಮಾತು ಬೇರೆ.

ಮಗುವಿನ ನೆಪ ಕೊಡದ ನಿರ್ದೇಶಕರೂ ಇದ್ದಾರೆ. ರೋಮನ್ ಪೋಲಾನ್‌ಸ್ಕಿ 1971ರಲ್ಲಿ ಅವಳನ್ನು ನಿದ್ದೆಯಲ್ಲಿ ಬಟ್ಟೆಯಿಲ್ಲದೆ ನಡೆಸಿದರು. ಹಣ ಹಾಕಿದ್ದು ಪ್ಲೇಬಾಯ್ ಕಂಪನಿ ಎಂದ ಮೇಲೆ ಹೆಚ್ಚು ಹೇಳಬೇಕಾಗಿಲ್ಲ. ಎದೆಯೊಳಗಿನದನ್ನು ತೋರಿಸಿ ಎಂದರೆ ಎದೆಯನ್ನೇ ತೋರಿಸುವವರೊಡನೆ ನನಗೆ ಚರ್ಚೆ ಬೇಡ.

ಈಗ ಚಿಕ್ಕಮ್ಮನ ಕತೆ. ಚಿಕ್ಕಪ್ಪ ನಮ್ಮೂರ ಕಡೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ಹೆಂಚಿನ ಮನೆ, ಮಳೆಗಾಲದಲ್ಲಿ ಮೂರು ಕಡೆ ಪಾತ್ರೆ ಇಡಬೇಕು. ಚಿಕ್ಕಮ್ಮನಿಗೆ ತಾರಸಿ ಮನೆಯ ಆಸೆ. ಒಂದು ದಿನ ಚಿಕ್ಕಪ್ಪನೇ ಬಂದು, ಸಂಘದ ಹಣದಲ್ಲಿ 4,000 ರೂಪಾಯಿ ಕೈಯಲ್ಲಿದೆ, ಅಡಿಕೆ ಮಾರಿದ ಮೇಲೆ ತುಂಬಿದರಾಯಿತು, ಏನಂತೀಯಾ ಎಂದು ಕೇಳಿದರಂತೆ. "ಎಲ್ಲರೂ ಮಾಡ್ತಾರೆ. ನೀವೊಬ್ಬರು ಹೆದರಿ ಹೆದರಿ ಹೀಗೇ ಸೋರೋ ಮನೇಲಿ ಸಾಯೋದು" ಎಂದಳಂತೆ ಚಿಕ್ಕಮ್ಮ. ಅಂದದ್ದು ನಿಜ. ಅವಳೇ ನನಗೆ ಹೇಳಿದ್ದಾಳೆ, ಮುಚ್ಚಿಟ್ಟಿಲ್ಲ. ಮನೆಗೆ ತಳಪಾಯ ಬಿತ್ತು.

ಎರಡು ವರ್ಷದ ಮೇಲೆ ಲೆಕ್ಕ ತಪಾಸಣೆಯವರು ಬಂದಾಗ ಹೋದ ಹಣ 38,000. ಅಷ್ಟನ್ನು ಚಿಕ್ಕಮ್ಮ ಕೇಳಿದ್ದು ಅದೇ ಮೊದಲು. ಉಳಿದ 34,000ವನ್ನು ಚಿಕ್ಕಪ್ಪ ಯಾವಾಗ ತೆಗೆದರು, ಯಾರಿಗೆ ಕೊಟ್ಟರು, ಯಾವ ಕೈಸಾಲ ತೀರಿಸಿದರು, ಒಂದನ್ನೂ ಅವಳಿಗೆ ಹೇಳಿರಲಿಲ್ಲ. ಮೊದಲ ಸಲ ಬಂದು ಕೇಳಿದವರು ಆಮೇಲೆ ಕೇಳುವುದನ್ನೇ ಬಿಟ್ಟಿದ್ದರು. ರಾತ್ರಿ ಊಟಕ್ಕೆ ಕೂತರೆ ಮಾತಿಲ್ಲ, ಕತೆಯಿಲ್ಲ. ಕೆಲಸ ಹೋಯಿತು, ತಾಳಿಯೊಂದು ಬಿಟ್ಟು ಅವಳ ಮೈಮೇಲಿನ ಚಿನ್ನವೆಲ್ಲ ಹೋಯಿತು. ನಮ್ಮ ಜಗಲಿಯಲ್ಲಿ ಸೇರಿದ ನೆಂಟರು ಹೇಳಿದ್ದು, "ಕೈ ಅವನದು, ತಲೆ ಅವಳದು." ಎಂಟನೆಯ ತರಗತಿಯಲ್ಲಿದ್ದ ನಾನು ಶಾಲೆಯಲ್ಲಿ ಗೆಳತಿಯರಿಗೆ ಅದನ್ನೇ ಹೇಳಿದೆ. ಹೇಳುವಾಗ ಏನೋ ದೊಡ್ಡವಳಾದ ಹಾಗೆ ಅನಿಸಿತ್ತು.

ನಾಟಕದ ಮೂರನೆಯ ಅಂಕವನ್ನು ಮುಂದೆ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತದ್ದು ಇದಕ್ಕೇ. ಗೆಳೆಯ ಬ್ಯಾಂಕೋವನ್ನು ಕೊಲ್ಲಿಸಲು ಮ್ಯಾಕ್‌ಬೆತ್ ಆಳುಗಳನ್ನು ಕಳಿಸಿಯಾಗಿದೆ. ಹೆಂಡತಿ ಬಂದು ಏನು ಮಾಡಬೇಕೆಂದಿದ್ದೀ ಎನ್ನುತ್ತಾಳೆ. ಅವನು ಮುದ್ದು ಮಾತಾಡಿ, ನಿನಗೇಕೆ ಅದೆಲ್ಲ, ಆದ ಮೇಲೆ ಮೆಚ್ಚಿಕೊಳ್ಳುವೆಯಂತೆ ಎಂದುಬಿಡುತ್ತಾನೆ. ಕಾಗದದಲ್ಲಿ ಅವಳನ್ನು ತನ್ನ ಹಿರಿಮೆಯಲ್ಲಿ ಪಾಲುದಾರಳು ಎಂದು ಕರೆದಿದ್ದವನು ಇವನೇ. ಔತಣದ ದೃಶ್ಯವಾದ ಮೇಲೆ ಐದನೆಯ ಅಂಕದವರೆಗೆ ಅವಳು ರಂಗದ ಮೇಲೆ ಕಾಣುವುದೇ ಇಲ್ಲ. ನಡುವಿನ ಕೊಲೆಗಳೆಲ್ಲ ಅವನೊಬ್ಬನವೇ.

ಅದರಲ್ಲಿ ಘೋರವಾದದ್ದು ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳ ಕೊಲೆ. ಗಂಡ ಹೇಳದೆ ಕೇಳದೆ ಇಂಗ್ಲೆಂಡಿಗೆ ಹೋಗಿದ್ದಾನೆ, ಮನೆಯಲ್ಲಿ ಅವಳೂ ಮಕ್ಕಳೂ. ಮ್ಯಾಕ್‌ಬೆತ್ ಅವರನ್ನೆಲ್ಲ ಮುಗಿಸಲು ಹೇಳಿಕಳಿಸುತ್ತಾನೆ. ರಾಜಕಾರಣಕ್ಕೂ ಅದರಿಂದ ಲಾಭವಿಲ್ಲ, ಬರೀ ಸಿಟ್ಟು. ಇದನ್ನು ಮಾಡು ಎಂದು ಯಾವ ಹೆಂಗಸೂ ಅವನ ಕಿವಿಯಲ್ಲಿ ಊದಿರಲಿಲ್ಲ, ಮಾಟಗಾತಿಯರೂ ಮ್ಯಾಕ್‌ಡಫ್ ಬಗ್ಗೆ ಎಚ್ಚರ ಎಂದಿದ್ದರೇ ಹೊರತು ಅವನ ಮಕ್ಕಳನ್ನು ಕೊಲ್ಲು ಎಂದಿರಲಿಲ್ಲ. 'ಥ್ರೋನ್ ಆಫ್ ಬ್ಲಡ್'ನಲ್ಲಿ ಈ ಸಂಸಾರವೇ ಇಲ್ಲ. ಅದನ್ನು ತೆಗೆದು, ಹೆಂಡತಿಗೆ ಬಸಿರು ಕೊಟ್ಟರೆ ಲೆಕ್ಕ ಎತ್ತ ವಾಲುತ್ತದೆ, ನೀವೇ ನೋಡಿ. ಅವನ ಪಾಲಿನದು ಕಡಿಮೆಯಾಯಿತು, ಅವಳ ಪಾಲಿನದು ಹೆಚ್ಚಾಯಿತು.

ನಿದ್ದೆಯಲ್ಲಿ ನಡೆಯುವ ರಾಣಿ ರಕ್ತದ ಕಲೆಯ ಬಗ್ಗೆ ಮಾತ್ರ ಗೊಣಗುವುದಿಲ್ಲ. ಫೈಫ್‌ನ ದೊರೆಗೊಬ್ಬಳು ಹೆಂಡತಿಯಿದ್ದಳಲ್ಲ, ಈಗೆಲ್ಲಿ ಅವಳು ಎಂದೂ ಕೇಳಿಕೊಳ್ಳುತ್ತಾಳೆ. ಫೈಫ್‌ನ ದೊರೆಯೆಂದರೆ ಮ್ಯಾಕ್‌ಡಫ್. ಆ ಕೊಲೆಯನ್ನು ಅವಳು ಹೇಳಿ ಮಾಡಿಸಿದ್ದಲ್ಲ, ಅದಕ್ಕೆ ಮೊದಲು ಅವಳ ಬಾಯಿಂದ ಅದರ ಮಾತು ಬಂದದ್ದೂ ಇಲ್ಲ. ಆದರೂ ಅವಳಿಗೆ ನಿದ್ದೆಗೆಡಿಸಿದೆ. ಮಾಡಿಸಿದವನು ಮುಂದೆ ಆ ಹೆಂಗಸಿನ ಹೆಸರೆತ್ತುವುದಿಲ್ಲ. ನಾಟಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು. ಒಬ್ಬ ಹೆಂಡತಿ ಇನ್ನೊಬ್ಬ ಹೆಂಡತಿಯನ್ನು ನೆನೆಯುವುದು. ಇದನ್ನು ಬಿಟ್ಟು ಇನ್ನೂ ಮಗುವನ್ನು ಹುಡುಕುತ್ತಾರಲ್ಲ! ಕರ್ಜೆಲ್ ಚಿತ್ರದಲ್ಲಿ ಆ ತಾಯಿ ಮಕ್ಕಳನ್ನು ಸುಡುವಾಗ ರಾಣಿ ನಿಂತು ನೋಡುತ್ತಾಳೆ, ಕಣ್ಣು ತುಂಬುತ್ತದೆ. ಆ ಒಂದು ದೃಶ್ಯಕ್ಕೆ ನಾನು ಆ ಚಿತ್ರವನ್ನು ಅರ್ಧ ಕ್ಷಮಿಸಿದ್ದೇನೆ.

ಜೋಯೆಲ್ ಕೋಯೆನ್ 2021ರಲ್ಲಿ ತೆಗೆದ ಕಪ್ಪುಬಿಳುಪಿನ ಚಿತ್ರದಲ್ಲಿ ಮಾತ್ರ ನನಗೆ ಬೇಕಾದವಳು ಸಿಕ್ಕಿದಳು. ಅರವತ್ತು ದಾಟಿದ ಫ್ರಾನ್ಸಿಸ್ ಮೆಕ್‌ಡೋರ್ಮಂಡ್. ಡೆನ್ಜೆಲ್ ವಾಷಿಂಗ್ಟನ್‌ನ ಗಡ್ಡವೂ ನರೆತಿದೆ. ಇಬ್ಬರಿಗೂ ಇದೇ ಕೊನೆಯ ಅವಕಾಶ ಎನ್ನುವುದು ಮುಖದ ಸುಕ್ಕಿನಲ್ಲೇ ಗೊತ್ತಾಗುತ್ತದೆ, ತೊಟ್ಟಿಲ ಪ್ರಶ್ನೆಯೇ ಏಳುವುದಿಲ್ಲ. ಮುಟ್ಟು ನಿಂತ ಮೇಲೂ ಹೆಂಗಸಿಗೆ ಆಸೆ ಇರುತ್ತದೆ ಎಂದು ತೆರೆಯ ಮೇಲೆ ಕಂಡು, ಸುಳ್ಳೇಕೆ, ನನಗೆ ಸಂತೋಷವಾಯಿತು. ಅವಳು ಕೆಟ್ಟವಳೇ. ಆದರೆ ತನ್ನ ಕೆಟ್ಟತನಕ್ಕೆ ತಾನೇ ಒಡತಿ.

'ಜೋಜಿ'ಯನ್ನೂ ಆಮೇಲೆ ನೋಡಿದೆ. ಮೇಷ್ಟ್ರು ಹೇಳಿದಷ್ಟು ಊದುವುದೇನೂ ಇಲ್ಲ ಆ ಬಿನ್ಸಿ. ಉಣ್ಣಿಮಾಯಾ ಪ್ರಸಾದ್ ಬಹಳ ಕಡಿಮೆ ಮಾತಿನಲ್ಲಿ ಮಾಡಿದ್ದಾರೆ. ಬೆಳಗಿನಿಂದ ರಾತ್ರಿಯವರೆಗೆ ಅಡುಗೆಮನೆ. ಅವಳ ಸೊಂಟ ಒರಗಿರುವ ಆ ಕಟ್ಟೆಯೊಂದನ್ನು ನೋಡಿದರೆ ಸಾಕು, ಅವಳಿಗೆ ಆ ಮುದುಕನ ಮನೆಯಿಂದ ಬಿಡುಗಡೆ ಏಕೆ ಬೇಕು ಎಂದು ನಮ್ಮಂಥವರಿಗೆ ತಿಳಿಯುತ್ತದೆ. ಮಗುವಿನ ನೆಪ ಅಲ್ಲೂ ಬೇಕಾಗಲಿಲ್ಲ. ಆದರೆ ಎಲ್ಲ ಮುಗಿದ ಮೇಲೆ ಅವಳ ಮನಸ್ಸಿನಲ್ಲೇನಾಯಿತು ಎಂದು ಕ್ಯಾಮೆರಾ ನಿಂತು ಕೇಳುವುದಿಲ್ಲ, ಜೋಜಿಯ ಹಿಂದೆಯೇ ಹೋಗಿಬಿಡುತ್ತದೆ.

ಹೋದ ದಸರಾ ರಜೆಯಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವಳಿಗೀಗ ಎಪ್ಪತ್ತೆಂಟು. ತಳಪಾಯದ ಕಲ್ಲು ಹಿತ್ತಿಲಲ್ಲಿ ಹಾಗೇ ಇದೆ, ಅದರ ಮೇಲೆ ಬಟ್ಟೆ ಒಗೆಯುತ್ತಾಳೆ. ರಾತ್ರಿ ನಿದ್ದೆ ಬರುವುದಿಲ್ಲ ಎಂದಳು. ಮಗಳ ಲ್ಯಾಪ್‌ಟಾಪಿನಲ್ಲಿ 'ಥ್ರೋನ್ ಆಫ್ ಬ್ಲಡ್' ಇತ್ತು, ಹಾಕಿದೆ. ಜಪಾನಿ ಮಾತು ಅರ್ಥವಾಗದು, ಕೆಳಗಿನ ಇಂಗ್ಲಿಷೂ ಬಾರದು. ನಾನು ಆಗಾಗ ಕತೆ ಹೇಳುತ್ತಿದ್ದೆ. ಅವಳು ಬೇಡ ಸುಮ್ಮನಿರು ಎಂದು ಕೈಸನ್ನೆ ಮಾಡಿದಳು. ಅಸಾಜಿ ಎದ್ದು ಕತ್ತಲೆಯೊಳಗೆ ಹೋಗಿ ಬರುವಾಗ ಸೆರಗು ಬಾಯಿಗೆ ಒತ್ತಿಕೊಂಡಳು. ಕೊನೆಯಲ್ಲಿ ಅಸಾಜಿ ಪಾತ್ರೆಯ ಮುಂದೆ ಕೂತು ಕೈ ತಿಕ್ಕಿ ತಿಕ್ಕಿ ತೊಳೆಯುವುದು ಬಂತು. ಚಿಕ್ಕಮ್ಮ ಬಹಳ ಹೊತ್ತು ನೋಡಿದಳು.

"ಅಲ್ಲ ಮಗಾ, ಅವನೂ ತೊಳೀಬೇಕಿತ್ತಲ್ದಾ? ಅವನಿಗೆ ಯಾಕೆ ನೀರು ಇಟ್ಟಿಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ. ವಾಶಿಜುವಿನ ಮೇಲೆ ಬಾಣಗಳ ಮಳೆ ಶುರುವಾಗುವಷ್ಟರಲ್ಲಿ ಅವಳು ಎದ್ದುಹೋಗಿ, ಬೆಳಗಿನ ದೋಸೆಗೆ ನೆನೆಸಿದ ಅಕ್ಕಿಯ ನೀರು ಬಸಿಯುತ್ತಿದ್ದಳು.